ದಾನಿಗಳ ಋಣ: ವಿದ್ಯಾಸಂಸ್ಥೆಗಳ ಕಿರ್ದಿಯಲ್ಲಿ ಕೃತಜ್ಞತೆಯ ಜಮಾಖರ್ಚು

ಬೆಂಗಳೂರಿನ ಯಶವಂತಪುರ, ಮಲ್ಲೇಶ್ವರಗಳ ಕಡೆಯ ಬಸ್ಸುಗಳಲ್ಲಿ ಓಡಾಡಿದವರಿಗೆ "ಟಾಟಾ ಇನ್‌ಸ್ಟಿಟ್ಯೂಟ್" ಎಂಬ ಕೂಗು ಅಪರಿಚಿತವಲ್ಲ. ಆದರೆ ಆ ನಿಲ್ದಾಣದಲ್ಲಿ ಇಳಿದು ಹೆಬ್ಬಾಗಿಲಿನ ಕಡೆ ನೋಡಿದರೆ ಕಾಣುವ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ದಾನ ಕೊಟ್ಟ ಜಮ್‌ಷೆಡ್‌ಜಿ ನಸರವಾನ್‌ಜಿ ಟಾಟಾ ಅವರು ಸಂಸ್ಥೆಗೆ ತಮ್ಮ ಹೆಸರು ಇಡಬೇಕೆಂದು ಬಯಸಲಿಲ್ಲ. ಫಲಕದ ಮೇಲೆ ಬರೆಯದ ಆ ಹೆಸರನ್ನು ಊರಿನ ಜನರು ತಾವಾಗಿಯೇ ನೂರು ವರ್ಷಕ್ಕೂ ಮಿಕ್ಕಿ ಹೇಳಿಕೊಂಡು ಬಂದಿದ್ದಾರೆ. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಉಳಿದಿರುವುದೂ ಹೀಗೆಯೇ. ಅಲ್ಲಿದ್ದ ರೇಷ್ಮೆ ತೋಟ ಹೋಗಿ ಎಷ್ಟೋ ಕಾಲವಾಯಿತು.

ದಾನಿಗಳಿಗೆ ಕೃತಜ್ಞತೆ ಸಲ್ಲಿಸುವ ಸಮಾರಂಭಗಳು ಈಗ ವಿಶ್ವವಿದ್ಯಾನಿಲಯಗಳಲ್ಲಿ ವಾಡಿಕೆಯಾಗಿವೆ. ಹಳೆಯ ವಿದ್ಯಾರ್ಥಿಗಳ ಸಂಘಗಳು ವರ್ಷಕ್ಕೊಮ್ಮೆ ಕೂಟ ಸೇರುತ್ತವೆ, ಶಾಲು ಹೊದಿಸುತ್ತವೆ, ಫಲಕ ಅನಾವರಣ ಮಾಡುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ವ್ಯಾಪಾರ ಬಲ್ಲವರು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಕೊಟ್ಟ ಹಣ ಏನಾಯಿತು? ಯಾವ ಖಾತೆಗೆ ಹೋಯಿತು? ಅದರಿಂದ ಯಾವ ಕೆಲಸ ನಡೆಯಿತು? ಶಾಲು, ಹಾರಗಳ ಖರ್ಚಿಗಿಂತ ಒಂದು ಹಾಳೆಯ ಲೆಕ್ಕಪತ್ರದ ಖರ್ಚು ಕಡಿಮೆ. ದಾನಿಗೆ ಹೆಚ್ಚು ಸಮಾಧಾನ ಕೊಡುವುದೂ ಅದೇ.

ವಿಜ್ಞಾನ ಸಂಸ್ಥೆಯ ಕಥೆಯಲ್ಲಿ ಈ ಪ್ರಶ್ನೆಗೆ ಕೆಲವು ಉತ್ತರಗಳಿವೆ. ಟಾಟಾ ಅವರು ನಾಗಪುರದಲ್ಲಿ 1877ರಲ್ಲಿ ಎಂಪ್ರೆಸ್ ಹತ್ತಿ ಗಿರಣಿಯನ್ನು ನಡೆಸಿ ಗೆದ್ದವರು. ಒಂದು ಉನ್ನತ ಸಂಶೋಧನಾ ಸಂಸ್ಥೆಗಾಗಿ ಅವರು ಮೀಸಲಿಡಲು ಮುಂದಾದ ಮುಂಬಯಿಯ ಸ್ಥಿರಾಸ್ತಿಯ ಬೆಲೆ ಅಂದಿನ ಕಾಲಕ್ಕೆ ಸುಮಾರು ರೂ. 30 ಲಕ್ಷ, ವರ್ಷದ ಆದಾಯ ಸುಮಾರು ರೂ. 1.25 ಲಕ್ಷ. ನಗದನ್ನು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳದೆ ಬಾಡಿಗೆ ಬರುವ ಆಸ್ತಿಯನ್ನು ಕೊಡಲು ಮುಂದಾದದ್ದು ವ್ಯಾಪಾರಸ್ಥರ ದೂರದೃಷ್ಟಿ. ಬಡ್ಡಿಯಿಂದ ಸಂಸ್ಥೆ ನಡೆಯಬೇಕು, ಅಸಲು ಕರಗಬಾರದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಆದರೆ ಕೊಡುತ್ತೇನೆಂದವರಿಗೆ ಕೊಡುವುದೂ ಸುಲಭವಾಗಲಿಲ್ಲ. 1898ರ ಡಿಸೆಂಬರ್ 31ರಂದು ಯೋಜನೆಯ ಸಮಿತಿಯವರು ಹೊಸದಾಗಿ ಬಂದಿದ್ದ ವೈಸರಾಯ್ ಲಾರ್ಡ್ ಕರ್ಜನ್ ಅವರನ್ನು ಕಂಡಾಗ ಅವರು ಎತ್ತಿದ್ದು ಸಂದೇಹಗಳನ್ನು. ಇಷ್ಟು ಉನ್ನತ ವ್ಯಾಸಂಗಕ್ಕೆ ತಕ್ಕ ವಿದ್ಯಾರ್ಥಿಗಳು ಸಿಗುವರೇ, ಕಲಿತವರಿಗೆ ಉದ್ಯೋಗವೆಲ್ಲಿದೆ ಎಂಬುದು ಅವರ ಪ್ರಶ್ನೆ. 1900ರಲ್ಲಿ ಪ್ರಸಿದ್ಧ ರಸಾಯನ ವಿಜ್ಞಾನಿ ವಿಲಿಯಂ ರ್‍ಯಾಮ್ಸೆ ದೇಶವನ್ನು ಸುತ್ತಿ ಬಂದು ಬೆಂಗಳೂರು ತಕ್ಕ ಸ್ಥಳವೆಂದು ಹೇಳಿದರು. ಬಳಿಕ ಮತ್ತೊಂದು ಸಮಿತಿ, ಮತ್ತಷ್ಟು ಪತ್ರವ್ಯವಹಾರ. ಟಾಟಾ ಅವರು 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡಾಗ ಸಂಸ್ಥೆಯ ಒಂದು ಇಟ್ಟಿಗೆಯೂ ಎದ್ದಿರಲಿಲ್ಲ. ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ಅವರು ತಂದೆಯ ಮಾತನ್ನು ನಡೆಸಿಕೊಟ್ಟರು. ಸಂಸ್ಥೆಗೆ ಆಸ್ತಿಯನ್ನು ವಹಿಸಿಕೊಡುವ ಆದೇಶ ಹೊರಟದ್ದು 1909ರ ಮೇ 27ರಂದು, ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರ ಜುಲೈಯಲ್ಲಿ. ಮೊದಲ ಮಾತುಕತೆಗೂ ಪಾಠ ಆರಂಭವಾದುದಕ್ಕೂ ನಡುವೆ ಹನ್ನೆರಡು ವರ್ಷಗಳು ಕಳೆದವು. ಒಂದು ಅರ್ಜಿಗೆ ಮೂರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬೇಸರಗೊಳ್ಳುವ ಇಂದಿನ ದಾನಿಗಳು ಈ ಮುದ್ದತನ್ನು ಗಮನಿಸಬಹುದು.

ಇನ್ನೊಬ್ಬ ದಾನಿಯನ್ನು ಬಸ್ ನಿರ್ವಾಹಕರ ಕೂಗು ನೆನೆಯುವುದಿಲ್ಲ. ಅದು ಮೈಸೂರು ಸಂಸ್ಥಾನ. 371 ಎಕರೆ ಭೂಮಿ, ಕಟ್ಟಡಕ್ಕೆಂದು ರೂ. 5 ಲಕ್ಷ ಮತ್ತು ವಾರ್ಷಿಕ ಅನುದಾನವನ್ನು ಮೈಸೂರು ಸರ್ಕಾರ ನೀಡಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಸಕ್ತಿಯೂ ರಾಜಮನೆತನದ ಔದಾರ್ಯವೂ ಇಲ್ಲದಿದ್ದರೆ ಆ ಸಂಸ್ಥೆ ಬೇರಾವುದೋ ಊರಿನ ಪಾಲಾಗುತ್ತಿತ್ತು. 1911ರಲ್ಲಿ ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಬೆಂಗಳೂರಿನ ಇಂದಿನ ನಿವೇಶನದ ಬೆಲೆ ಬಲ್ಲವರಿಗೆ 371 ಎಕರೆಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಋಣವನ್ನು ಸಂಸ್ಥೆ ತೀರಿಸಿದ ಬಗೆ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ವಿಶೇಷವಾಗಿ ತಿಳಿಯತಕ್ಕದ್ದು. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಶ್ರೀಗಂಧದ ಕೊರಡುಗಳು ಹರಾಜಾಗಿ ಹಡಗೇರುತ್ತಿದ್ದವು; ಎಣ್ಣೆ ತೆಗೆಯುವ ಕೆಲಸ ಬಹುಪಾಲು ಜರ್ಮನಿಯಲ್ಲಿ ನಡೆಯುತ್ತಿತ್ತು. 1914ರಲ್ಲಿ ಯುದ್ಧ ಆರಂಭವಾದೊಡನೆ ಆ ಮಾರುಕಟ್ಟೆ ಮುಚ್ಚಿತು. ಸರ್ಕಾರದ ಉಗ್ರಾಣಗಳಲ್ಲಿ ಗಂಧದ ಮರ ರಾಶಿ ಬಿತ್ತು. ಖಜಾನೆಯ ಒಂದು ದೊಡ್ಡ ಆದಾಯ ನಿಂತಿತು. ಆಗ ವಿಜ್ಞಾನ ಸಂಸ್ಥೆಯ ರಸಾಯನ ವಿಭಾಗದ ಸಡ್‌ಬರೋ ಮತ್ತು ವ್ಯಾಟ್ಸನ್ ಎಂಬ ಪ್ರಾಧ್ಯಾಪಕರು ಪ್ರಯೋಗಶಾಲೆಯಲ್ಲಿ ಗಂಧದೆಣ್ಣೆಯನ್ನು ಇಳಿಸುವ ಕ್ರಮವನ್ನು ರೂಢಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ ಆರಂಭವಾಯಿತು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು ರೂಪಿಸಿದ ಮೈಸೂರು ಸ್ಯಾಂಡಲ್ ಸಾಬೂನು ಆ ಎಣ್ಣೆಯ ಬೆನ್ನಿಗೇ ಬಂತು. ಭೂಮಿ ಕೊಟ್ಟ ಸಂಸ್ಥಾನಕ್ಕೆ ಐದಾರು ವರ್ಷಗಳಲ್ಲಿಯೇ ಒಂದು ಹೊಸ ಉದ್ಯಮ ಕೈಗೂಡಿತು. ಇದಕ್ಕಿಂತ ಒಳ್ಳೆಯ ಧನ್ಯವಾದ ಪತ್ರವನ್ನು ಯಾವ ವಿದ್ಯಾಸಂಸ್ಥೆಯೂ ಬರೆದಿರಲಾರದು.

1974ರಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಅದೇ ಸಂಸ್ಥೆಯಲ್ಲಿ ಆರಂಭವಾದ ಗ್ರಾಮೀಣ ತಂತ್ರಜ್ಞಾನದ ಘಟಕ 'ಅಸ್ತ್ರ'. ಕಡಿಮೆ ಸೌದೆ ಉರಿಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳುಹಿಸುವ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಹಳ್ಳಿಯ ಅಡುಗೆಮನೆಗಳನ್ನು ಹೊಕ್ಕಿತು. ಆ ಒಲೆ ಕಟ್ಟಿಸಿಕೊಂಡ ಗೃಹಿಣಿಯರಿಗೆ ಅದರ ಹಿಂದೆ ಮುಂಬಯಿಯ ಗಿರಣಿ ಮಾಲೀಕರೊಬ್ಬರ ಬಾಡಿಗೆ ಹಣ ಇದೆಯೆಂಬುದು ತಿಳಿದಿರಲು ಕಾರಣವಿಲ್ಲ.

ಹಾಗೆಂದು ಎಲ್ಲವೂ ನೆಟ್ಟಗೆ ನಡೆಯಿತೆಂದು ಹೇಳುವಂತಿಲ್ಲ. ಸಂಸ್ಥೆ ಕೈಗಾರಿಕೆಗೆ ನೆರವಾಗಬೇಕೇ, ಶುದ್ಧ ವಿಜ್ಞಾನಕ್ಕೆ ಮೀಸಲಾಗಬೇಕೇ ಎಂಬ ವಾದ ಮೊದಲಿನಿಂದಲೂ ಇತ್ತು. ಸಂಸ್ಥೆಯ ಕೆಲಸವನ್ನು ಪರಾಮರ್ಶಿಸಲು 1921ರಲ್ಲಿ ಪೋಪ್ ಸಮಿತಿ, 1930ರಲ್ಲಿ ಸೀವೆಲ್ ಸಮಿತಿ, 1936ರಲ್ಲಿ ಇರ್ವಿನ್ ಸಮಿತಿ ನೇಮಕವಾದವು. ಮೂರನೆಯದರ ಕಾಲದಲ್ಲಿ ಸರ್ ಸಿ. ವಿ. ರಾಮನ್ ಅವರು ನಿರ್ದೇಶಕರಾಗಿದ್ದರು. ಆ ದಿನಗಳು ಕಹಿಯಾಗಿದ್ದುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಸಾರ್ವಜನಿಕ ಹಣ ಮತ್ತು ದಾನದ ಹಣ ಸೇರಿದ ಸಂಸ್ಥೆಯನ್ನು ಹದಿನೈದು ವರ್ಷಗಳಲ್ಲಿ ಮೂರು ಬಾರಿ ಹೊರಗಿನವರು ಬಂದು ತಪಾಸಣೆ ಮಾಡಿದರೆಂಬುದು ಸಣ್ಣ ಮಾತಲ್ಲ. ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರ ಮುಂದೆ ಪುಸ್ತಕಗಳನ್ನಿಟ್ಟು ಕೂರುವ ವರ್ತಕರಿಗೆ ಇದರ ಕಷ್ಟವೂ ಅರ್ಥವಾಗುತ್ತದೆ, ಪ್ರಯೋಜನವೂ ಅರ್ಥವಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ದೊಡ್ಡ ದಾನಗಳು ಮತ್ತೆ ಬರತೊಡಗಿವೆ. 2014ರಲ್ಲಿ ಇನ್ಫೋಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ಅವರು ತಮ್ಮ ಪ್ರತೀಕ್ಷಾ ಟ್ರಸ್ಟ್ ಮೂಲಕ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರಕ್ಕಾಗಿ ರೂ. 225 ಕೋಟಿಯ ನೆರವನ್ನು ಘೋಷಿಸಿದರು. 2022ರ ಫೆಬ್ರುವರಿಯಲ್ಲಿ ಮೈಂಡ್‌ಟ್ರೀ ಸ್ಥಾಪಕರಲ್ಲಿ ಸೇರಿದ ಸುಬ್ರತೊ ಬಾಗ್ಚಿ, ಎನ್. ಎಸ್. ಪಾರ್ಥಸಾರಥಿ ಹಾಗೂ ಅವರ ಪತ್ನಿಯರಾದ ಸುಸ್ಮಿತಾ ಬಾಗ್ಚಿ, ರಾಧಾ ಪಾರ್ಥಸಾರಥಿ ಅವರು 800 ಹಾಸಿಗೆಗಳ ಆಸ್ಪತ್ರೆಗಾಗಿ ರೂ. 425 ಕೋಟಿ ನೀಡುವುದಾಗಿ ತಿಳಿಸಿದರು. ಅದೇ ವರ್ಷದ ಜೂನ್‌ನಲ್ಲಿ ಅದರ ಶಂಕುಸ್ಥಾಪನೆಯಾಯಿತು. ಸಂಸ್ಥೆಯಲ್ಲಿ ಓದಿದವರೇ ಸಂಸ್ಥೆಗೆ ಕೊಡಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಇವು ಉದಾಹರಣೆ. ಗೋಪಾಲಕೃಷ್ಣನ್ ಅವರು ಓದಿದ್ದು ಮದ್ರಾಸಿನ ಐಐಟಿಯಲ್ಲಿ.

ಹಳೆಯ ವಿದ್ಯಾರ್ಥಿಗಳು ತಾವು ಓದಿದ ಸಂಸ್ಥೆಗೇ ಕೊಟ್ಟದ್ದಕ್ಕೆ ಎರಡು ನಿದರ್ಶನಗಳಿವೆ; ಎರಡಕ್ಕೂ ಕರ್ನಾಟಕದ ನಂಟಿದೆ. ಬೆಂಗಳೂರಿನಲ್ಲಿ ಹುಟ್ಟಿ ಧಾರವಾಡದಲ್ಲಿಯೂ ಓದಿದ ನಂದನ್ ನಿಲೇಕಣಿ ಅವರು 1973ರಲ್ಲಿ ಮುಂಬಯಿ ಐಐಟಿ ಸೇರಿದವರು. ಐವತ್ತು ವರ್ಷ ತುಂಬಿದ 2023ರಲ್ಲಿ ಅವರು ಆ ಸಂಸ್ಥೆಗೆ ರೂ. 315 ಕೋಟಿ ಕೊಟ್ಟರು. ಹಿಂದೆ ಕೊಟ್ಟಿದ್ದ ರೂ. 85 ಕೋಟಿ ಸೇರಿದರೆ ಒಟ್ಟು ರೂ. 400 ಕೋಟಿ. 1970ರಲ್ಲಿ ಮದ್ರಾಸು ಐಐಟಿಯಿಂದ ಎಂ.ಟೆಕ್. ಪದವಿ ಪಡೆದ ಕೃಷ್ಣ ಚಿವುಕುಲ ಅವರು 2024ರಲ್ಲಿ ತಮ್ಮ ಸಂಸ್ಥೆಗೆ ರೂ. 228 ಕೋಟಿ ನೀಡಿದರು. ಅವರ ಇಂಡೋ-ಎಂಐಎಂ ಕಂಪನಿ ಬೆಂಗಳೂರಿನದು. ಲೋಹದ ಪುಡಿಯನ್ನು ಅಂಟಿನೊಂದಿಗೆ ಕಲಸಿ, ಪ್ಲಾಸ್ಟಿಕ್ಕಿನಂತೆ ಅಚ್ಚಿಗೆ ಒತ್ತಿ, ಅಂಟನ್ನು ತೆಗೆದು, ಬಳಿಕ ಕುಲುಮೆಯಲ್ಲಿ ಕಾಯಿಸಿ ಗಟ್ಟಿಗೊಳಿಸುವ ವಿಧಾನದಿಂದ ಸಣ್ಣ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆ ಅದು. ಸಾಫ್ಟ್‌ವೇರ್ ಅಲ್ಲದ, ಅಚ್ಚು-ಕುಲುಮೆಗಳ ಉದ್ಯಮದಿಂದಲೂ ಇಂಥ ದಾನ ಹೊರಡಬಲ್ಲದೆಂಬುದು ಪೀಣ್ಯದ ಉದ್ಯಮಿಗಳಿಗೆ ಹಿತವಾದ ಸುದ್ದಿ.

ಮಿದುಳು ಸಂಶೋಧನಾ ಕೇಂದ್ರದ ಹಣ ಎಲ್ಲಿ ಹೋಗುತ್ತಿದೆಯೆಂದು ನೋಡಲು ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಹೋಗಬೇಕು. ಆ ತಾಲ್ಲೂಕಿನ ಹಳ್ಳಿಗಳ 45 ವರ್ಷ ದಾಟಿದ 10,000 ಜನರನ್ನು ವರ್ಷಾನುವರ್ಷ ಪರೀಕ್ಷಿಸುತ್ತ ಹೋಗುವ ಅಧ್ಯಯನವನ್ನು ಕೇಂದ್ರವು ಕೈಗೊಂಡಿದೆ. ಅವರ ನೆನಪಿನ ಶಕ್ತಿ, ರಕ್ತ, ಮಿದುಳಿನ ಚಿತ್ರ ಎಲ್ಲವನ್ನೂ ದಾಖಲಿಸುತ್ತಾರೆ. ವಯಸ್ಸಾದಂತೆ ಮರೆವಿನ ರೋಗ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಏಕೆ ಎಂಬುದು ಪ್ರಶ್ನೆ. ಇಂಥ ಕೆಲಸದಲ್ಲಿ ಮಾರ್ಚ್ 31ಕ್ಕೆ ಲಾಭ-ನಷ್ಟದ ಪಟ್ಟಿ ಹೊರಡುವುದಿಲ್ಲ. ದಾನಿಗೆ ಪ್ರತಿ ವರ್ಷ ಹೇಳಬಹುದಾದದ್ದು ಇಷ್ಟೇ: ಇಷ್ಟು ಜನರನ್ನು ಕಂಡೆವು, ಇಷ್ಟು ಜನರು ಎರಡನೆಯ ಬಾರಿ ಬಂದರು, ಇಷ್ಟು ಖರ್ಚಾಯಿತು. ಅಷ್ಟನ್ನು ತಪ್ಪದೆ ಹೇಳಿದರೆ ಸಾಕು. ಹತ್ತಿ ಬಿತ್ತಿದವರಿಗೂ ತೆಂಗು ನೆಟ್ಟವರಿಗೂ ಕಾಯುವ ಕಾಲ ಒಂದೇ ಅಲ್ಲ.

ಈ ಕೋಟಿಗಳ ಲೆಕ್ಕ ಓದಿ, ನಮ್ಮಂಥವರಿಗೆ ಇದೇಕೆ ಎಂದು ಸಣ್ಣ ವರ್ತಕರು ಪುಟ ತಿರುಗಿಸಬಾರದು. ಸಣ್ಣ ದಾನಿಗೇ ಹೆಚ್ಚು ಅನ್ಯಾಯವಾಗಿರುವುದು. ವಿಶ್ವವಿದ್ಯಾನಿಲಯಗಳ ಘಟಿಕೋತ್ಸವದ ಪುಸ್ತಕದಲ್ಲಿ ದತ್ತಿ ಚಿನ್ನದ ಪದಕಗಳ ಉದ್ದನೆಯ ಪಟ್ಟಿ ಇರುತ್ತದೆ. ತಂದೆಯ ಹೆಸರಿನಲ್ಲಿ, ಗುರುಗಳ ಹೆಸರಿನಲ್ಲಿ, ಅಗಲಿದ ಮಗಳ ಹೆಸರಿನಲ್ಲಿ ಯಾರೋ ಒಬ್ಬರು ಎಂದೋ ಇಟ್ಟ ಠೇವಣಿಗಳು ಅವು. ಐವತ್ತು ವರ್ಷಗಳ ಹಿಂದೆ ರೂ. 10,000 ಎಂದರೆ ದೊಡ್ಡ ಮೊತ್ತ. ಇಂದು ಅದಕ್ಕೆ ಶೇ. 7ರ ಬಡ್ಡಿ ಹಿಡಿದರೂ ವರ್ಷಕ್ಕೆ ಬರುವುದು ರೂ. 700, ಅದರಲ್ಲಿ ಒಂದು ಗ್ರಾಂ ಚಿನ್ನದ ಹತ್ತನೆಯ ಒಂದು ಪಾಲೂ ಬಾರದು. ಪದಕಕ್ಕೆ ನೀರು ಕುಡಿಸುವುದು, ಇಲ್ಲವೇ ಪ್ರಮಾಣಪತ್ರವನ್ನಷ್ಟೇ ಕೊಡುವುದು, ಇಲ್ಲವೇ ಕೊರತೆಯನ್ನು ಬೇರೆ ಬಾಬ್ತಿನಿಂದ ತುಂಬುವುದು ಬಿಟ್ಟರೆ ಅನ್ಯ ದಾರಿಯಿಲ್ಲ. ದಾನಿಯ ಮಕ್ಕಳಿಗೆ ಒಂದು ಪತ್ರ ಬರೆದು ಸಂಗತಿ ತಿಳಿಸಿದರೆ ಅವರಲ್ಲಿ ಕೆಲವರಾದರೂ ಅಸಲನ್ನು ಹೆಚ್ಚಿಸಿಯಾರು. ಆದರೆ ವಿಳಾಸವೇ ಇಲ್ಲದ ದಾನಿಗೆ ಪತ್ರ ಬರೆಯುವವರು ಯಾರು?

ಬಡ್ಡಿಯನ್ನೆಲ್ಲ ಖರ್ಚು ಮಾಡುವ ದತ್ತಿ ಹೀಗೆ ಸೊರಗುತ್ತದೆಂಬುದು ದತ್ತಿ ಇಡುವ ದಿನವೇ ತಿಳಿಯಬಲ್ಲ ವಿಷಯ. ಶೇ. 7 ಬಡ್ಡಿ ಬರುವಲ್ಲಿ ಶೇ. 4ನ್ನು ಮಾತ್ರ ಖರ್ಚು ಮಾಡಿ ಶೇ. 3ನ್ನು ಅಸಲಿಗೆ ಸೇರಿಸುತ್ತ ಹೋದರೆ ರೂ. 1 ಲಕ್ಷವು 24 ವರ್ಷಗಳಲ್ಲಿ ರೂ. 2 ಲಕ್ಷವಾಗುತ್ತದೆ. ದತ್ತಿಪತ್ರ ಬರೆಯುವಾಗ ಈ ಒಂದು ವಾಕ್ಯವನ್ನು ಸೇರಿಸಲು ಕೇಳುವ ಹಕ್ಕು ದಾನಿಗೆ ಇದೆ. ಪದಕದ ಬದಲು ಬಡ ವಿದ್ಯಾರ್ಥಿಯ ಪರೀಕ್ಷಾ ಶುಲ್ಕವನ್ನೋ ಪ್ರಯೋಗಶಾಲೆಯ ಒಂದು ಉಪಕರಣದ ದುರಸ್ತಿಯನ್ನೋ ಹೆಸರಿಸಿದರೆ ಇನ್ನೂ ಉತ್ತಮ. ಹೊಸ ಯಂತ್ರ ಕೊಡಿಸಲು ಹತ್ತು ಜನರು ಮುಂದೆ ಬರುತ್ತಾರೆ. ಅದರ ಬೆಲ್ಟು ಹರಿದಾಗ ಯಾರೂ ಇರುವುದಿಲ್ಲ.

ಸಣ್ಣ ಹಣವನ್ನು ಒಟ್ಟುಗೂಡಿಸುವ ವಿದ್ಯೆ ಈ ನಾಡಿಗೆ ಹೊಸದಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದಿದೆ. ರಾಜನ ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನು. ದೂರದ ನಾಡುಗಳ ವಿದ್ಯಾರ್ಥಿಗಳಿಗೆ ಇರಲು 27 ಮನೆಗಳಿದ್ದವು. ಅಧ್ಯಾಪಕನ ಜೀವನಕ್ಕೆ ಭೂಮಿ, ದೀಪದ ಎಣ್ಣೆಗೆ ಪ್ರತ್ಯೇಕ ಭೂಮಿ ಮೀಸಲಾಗಿದ್ದವು. ಮಂತ್ರಿಯ ದಾನ ಇಷ್ಟಾದರೆ ಊರವರದು ಬೇರೆ. ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರ ಅರ್ಧ ಶಾಲೆಗೆ ಸಲ್ಲಬೇಕೆಂದು ಅವರು ಗೊತ್ತುಮಾಡಿಕೊಂಡರು. ದೀಪದೆಣ್ಣೆಯ ಬಾಬ್ತನ್ನು ಕೂಡ ಮರೆಯದ ಆ ಶಾಸನ ಇಂದಿನ ಎಷ್ಟೋ ಒಡಂಬಡಿಕೆ ಪತ್ರಗಳಿಗಿಂತ ಅಚ್ಚುಕಟ್ಟಾದುದು. ಕಲ್ಲಿನ ಮೇಲೆ ಬರೆಸಿದ್ದರಿಂದ ಯಾರು, ಏನು, ಯಾವುದಕ್ಕೆ ಕೊಟ್ಟರೆಂಬುದು ಸಾವಿರ ವರ್ಷಗಳ ನಂತರವೂ ಓದಲು ಸಿಗುತ್ತದೆ. ಅಂಗಡಿ ಬೀದಿಯ ಐವತ್ತು ವರ್ತಕರು ದೀಪಾವಳಿಯ ಖಾತೆ ಪೂಜೆಯ ದಿನ ತಲಾ ರೂ. 2,000 ಎತ್ತಿಟ್ಟರೆ ರೂ. 1 ಲಕ್ಷದ ದತ್ತಿ ಆ ಸಂಜೆಯೇ ಆಗುತ್ತದೆ.

ಇದೆಲ್ಲಕ್ಕೂ ಅಡ್ಡ ಬರುವ ಒಂದು ಮಾತಿದೆ. ಅದನ್ನು ಮುಚ್ಚಿಟ್ಟು ಫಲವಿಲ್ಲ. ಕರ್ನಾಟಕದಲ್ಲಿ 'ಡೊನೇಷನ್' ಎಂಬ ಮಾತೇ ಕೆಟ್ಟುಹೋಗಿದೆ. ತಂದೆತಾಯಿಗಳು ಕಾಲೇಜಿನ ಕಚೇರಿಯಲ್ಲಿ "ಡೊನೇಷನ್ ಎಷ್ಟು?" ಎಂದು ಕೇಳುವಾಗ ಅವರ ಮನಸ್ಸಿನಲ್ಲಿರುವುದು ಸೀಟಿನ ಬೆಲೆ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ರಾಜ್ಯವು 1984ರಲ್ಲಿ ತಂದಿತು. ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪದ್ಧತಿಯನ್ನು ಖಂಡಿಸಿತು. ಆದರೂ ಮಾತಿಗೆ ಅಂಟಿದ ಮಸಿ ಹೋಗಲಿಲ್ಲ. ಪ್ರತಿಫಲ ಬೇಡಿ ಕೊಟ್ಟದ್ದು ಖರೀದಿ. ಅದಕ್ಕೆ ಬಿಲ್ಲು ಬೇಕು, ಧನ್ಯವಾದ ಬೇಕಿಲ್ಲ. ಇದು ಎರಡೂ ಕಡೆಯವರಿಗೆ ಅನ್ವಯಿಸುತ್ತದೆ. ದತ್ತಿ ಕೊಟ್ಟ ವರ್ತಕರು ತಮ್ಮ ಮಗನಿಗೆ ಸೀಟನ್ನೋ ತಮ್ಮ ಕಾರ್ಖಾನೆಯ ಕುರ್ಚಿ-ಮೇಜಿಗೆ ಆರ್ಡರನ್ನೋ ನಿರೀಕ್ಷಿಸಿದರೆ, ಶಾಲು ಹೊದಿಸಿದ ಸಂಸ್ಥೆಯೂ ಹೊದ್ದ ದಾನಿಯೂ ಒಂದೇ ದೋಣಿಯಲ್ಲಿದ್ದಾರೆ. ಹೆಸರೂ ಬೇಡವೆಂದ ಟಾಟಾ ಅವರ ನಡೆಯನ್ನು ಎಲ್ಲರೂ ಪಾಲಿಸಬೇಕಾಗಿಲ್ಲ. ಕಟ್ಟಡಕ್ಕೆ ಹೆಸರು ಕೇಳುವುದರಲ್ಲಿ ಅವಮಾನವಿಲ್ಲ. ಆದರೆ ಪ್ರಾಧ್ಯಾಪಕರ ನೇಮಕ, ವಿದ್ಯಾರ್ಥಿಗಳ ಆಯ್ಕೆ, ಸಂಶೋಧನೆಯ ಫಲಿತಾಂಶ ಈ ಮೂರರಲ್ಲಿ ದಾನಿಯ ಕೈ ಇರಕೂಡದು.

ಸಂಸ್ಥೆಗಳ ಕಡೆಯ ದೋಷವೂ ಕಡಿಮೆಯಲ್ಲ. ಹಣ ಬೇಕಾದಾಗ ಮಾತ್ರ ಹಳೆಯ ವಿದ್ಯಾರ್ಥಿಯ ನೆನಪಾಗುತ್ತದೆ. ಪದವಿ ಪಡೆದು ಮೂವತ್ತು ವರ್ಷ ಒಂದು ಕಾಗದವೂ ಬರದೆ, ಸುವರ್ಣ ಮಹೋತ್ಸವದ ಕಟ್ಟಡ ನಿಧಿಯ ಮನವಿಯೇ ಮೊದಲ ಪತ್ರವಾಗಿ ಬಂದರೆ ಯಾರ ಕೈ ಜೇಬಿಗೆ ಹೋದೀತು? ಕಾರ್ಖಾನೆ ನಡೆಸುವ ಹಳೆಯ ವಿದ್ಯಾರ್ಥಿಯಿಂದ ಹಣಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ: ವಿದ್ಯಾರ್ಥಿಗಳಿಗೆ ಎರಡು ತಿಂಗಳ ತರಬೇತಿ, ಪಾಠಪಟ್ಟಿಯ ಬಗ್ಗೆ ಒಂದು ಅಭಿಪ್ರಾಯ, ಕೆಟ್ಟ ಲೇತನ್ನು ನೋಡಲು ಒಬ್ಬ ಫಿಟ್ಟರ್. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜು 2021ರ ಕಾಯಿದೆಯಿಂದ ಸ್ವಾಯತ್ತ ವಿಶ್ವವಿದ್ಯಾನಿಲಯವಾಗುವುದರ ಹಿಂದೆ ಹಳೆಯ ವಿದ್ಯಾರ್ಥಿಗಳ ಒತ್ತಾಯವೂ ಇತ್ತು. ಅಂಥ ನೆರವಿಗೆ ರಸೀದಿ ಕೊಡುವ ಪದ್ಧತಿ ಯಾವ ಕಚೇರಿಯಲ್ಲಿಯೂ ಇಲ್ಲ.

ರಸೀದಿಯ ಮಾತು ಬಂದುದರಿಂದ ತೆರಿಗೆಯ ಬಗ್ಗೆ ಎರಡು ಮಾತು. 1961ರ ಆದಾಯ ತೆರಿಗೆ ಕಾಯಿದೆಯ 80ಜಿ ಕಲಮಿನಡಿ, ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ದಾನದಲ್ಲಿ ಸಾಮಾನ್ಯವಾಗಿ ಅರ್ಧದಷ್ಟನ್ನು, ನಿಗದಿತ ಮಿತಿಯೊಳಗೆ, ಆದಾಯದಿಂದ ಕಳೆಯಲು ಅವಕಾಶವಿತ್ತು. ರೂ. 2,000ಕ್ಕೆ ಮೀರಿ ನಗದಾಗಿ ಕೊಟ್ಟರೆ ಈ ರಿಯಾಯಿತಿ ಇಲ್ಲ. ಚೆಕ್ಕು ಅಥವಾ ಬ್ಯಾಂಕಿನ ಮೂಲಕವೇ ಸಲ್ಲಬೇಕು. ಬಿಳಿಯ ರಸೀದಿ ಸಾಲದು; ಸಂಸ್ಥೆಯು ಇಲಾಖೆಗೆ ವಿವರ ಸಲ್ಲಿಸಿ ಪಡೆದ ಪ್ರಮಾಣಪತ್ರವನ್ನು ದಾನಿಗೆ ಕೊಡುವ ಕ್ರಮ 2021-22ರ ಸಾಲಿನಿಂದ ಜಾರಿಗೆ ಬಂತು. ಕಡಿಮೆ ದರಗಳ ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ವಿನಾಯಿತಿ ದೊರೆಯುವುದಿಲ್ಲ. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಇಟ್ಟುಕೊಂಡ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ. ಆದ್ದರಿಂದ ಚೆಕ್ಕು ಬರೆಯುವ ಮುನ್ನ ಸದಸ್ಯರು ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸುವುದು, ಸಂಸ್ಥೆಯ ಅನುಮೋದನೆಯ ಸಂಖ್ಯೆ ಮತ್ತು ಅವಧಿಯನ್ನು ಬರಹದಲ್ಲಿ ಪಡೆಯುವುದು, ದತ್ತಿಪತ್ರದ ಒಂದು ಪ್ರತಿಯನ್ನು ಮನೆಯ ಕಾಗದಪತ್ರಗಳ ಜೊತೆ ಇರಿಸಿ ಮಕ್ಕಳಿಗೆ ತಿಳಿಸಿಡುವುದು ಲೇಸು.